ಎರಡು 3090 ಕಾರ್ಡ್‌ಗೆ ಒಂದು ಎಸ್‌ಎಂಪಿಎಸ್: ಕೋರ್ಸೇರ್ ಎಎಕ್ಸ್1600ಐ ಜೊತೆ ಎಂಟು ತಿಂಗಳು

ರಾತ್ರಿ ಹನ್ನೊಂದೂವರೆ. ಮಾನಿಟರ್ ಕಪ್ಪಾಯಿತು. ಫ್ಯಾನ್‌ಗಳು ನಿಂತವು. ಕ್ಯಾಬಿನೆಟ್ ಒಳಗಿನ ದೀಪವೂ ಆರಿತು. ಮನೆಯಲ್ಲಿ ಕರೆಂಟ್ ಇತ್ತು, ಟ್ಯೂಬ್‌ಲೈಟ್ ಉರಿಯುತ್ತಲೇ ಇತ್ತು. ಪವರ್ ಬಟನ್ ಒತ್ತಿದರೆ ಕಂಪ್ಯೂಟರ್ ಅಲುಗಾಡಲಿಲ್ಲ. ಕಂಪ್ಯೂಟರ್‌ಗೆ ಕರೆಂಟ್ ಕೊಡುವ ಪೆಟ್ಟಿಗೆ, ಅಂದರೆ ಎಸ್‌ಎಂಪಿಎಸ್‌ನ ಹಿಂದಿನ ಸ್ವಿಚ್ ಆಫ್ ಮಾಡಿ, ಅರ್ಧ ನಿಮಿಷ ಬಿಟ್ಟು ಮತ್ತೆ ಹಾಕಿದ ಮೇಲೆ ಎದ್ದಿತು. ಆ ವಾರ ಹೀಗಾಗಿದ್ದು ಅದು ಆರನೇ ಸಲ.

ಒಂದೇ ಗ್ರಾಫಿಕ್ಸ್ ಕಾರ್ಡ್ ಇದ್ದಾಗ ಒಂದೂವರೆ ವರ್ಷ ಯಾವ ತೊಂದರೆಯೂ ಇರಲಿಲ್ಲ. ಎರಡನೇ ಕಾರ್ಡ್ ಹಾಕಿದ ದಿನದಿಂದ ಶುರುವಾಯಿತು.

ನಮ್ಮದು ಶಿವಮೊಗ್ಗ. ಮನೆ, ಅಂಗಡಿಗಳ ಇಂಟೀರಿಯರ್ ಡಿಸೈನ್ ನನ್ನ ಕೆಲಸ. ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರ್‌ನಲ್ಲಿ ರೆಂಡರ್ ಮಾಡಿ, ಅಂದರೆ ಡಿಸೈನನ್ನು ಫೋಟೋದಂಥ ಚಿತ್ರವಾಗಿ ತೆಗೆದು, ಅಡುಗೆಮನೆ ಹೀಗೆ ಕಾಣುತ್ತದೆ, ದೇವರಮನೆ ಹೀಗೆ ಕಾಣುತ್ತದೆ ಅಂತ ಗ್ರಾಹಕರಿಗೆ ತೋರಿಸುತ್ತೇನೆ. ಈ ಕಂಪ್ಯೂಟರ್ ಮೊದಲು ಕಟ್ಟಿದ್ದು ನನ್ನ ತಮ್ಮನ ಗೇಮ್‌ಗಾಗಿ. ರೈಜೆನ್ 9 5950ಎಕ್ಸ್ ಪ್ರೊಸೆಸರ್, ಒಂದು ಎನ್‌ವಿಡಿಯಾ ಆರ್‌ಟಿಎಕ್ಸ್ 3090 ಗ್ರಾಫಿಕ್ಸ್ ಕಾರ್ಡ್. ಹಗಲು ನಾನು ಬಳಸುತ್ತಿದ್ದೆ, ರಾತ್ರಿ ಅವನು. ಕೆಲಸ ಜಾಸ್ತಿಯಾದಂತೆ ರೆಂಡರ್ ರಾತ್ರಿಯೂ ಓಡಬೇಕಾಯಿತು. ಒಂದು ದಿನ ಅವನೇ ಹೇಳಿದ: "ಅಕ್ಕ, ಇನ್ನೊಂದು ಕಾರ್ಡ್ ಹಾಕೋಣ. ಒಂದರಲ್ಲಿ ನಿಂದು ರೆಂಡರ್ ಆಗ್ಲಿ, ಇನ್ನೊಂದರಲ್ಲಿ ನಾನು ಆಡ್ತೀನಿ." ಹಗಲು ಎರಡೂ ಸೇರಿ ನನ್ನ ಕೆಲಸಕ್ಕೆ. ಲೆಕ್ಕ ಚೆನ್ನಾಗಿತ್ತು.

ಎರಡು ಕಾರ್ಡ್ ಹಾಕಿದರೆ ಗೇಮ್ ಎರಡು ಪಟ್ಟು ವೇಗವಾಗಿ ಓಡುತ್ತದೆ ಅಂದುಕೊಂಡು ಇದನ್ನು ಓದುತ್ತಿದ್ದರೆ ಇಲ್ಲೇ ಒಂದು ಮಾತು. ಆ ಕಾಲ ಮುಗಿಯಿತು. ಎರಡು ಕಾರ್ಡ್ ಸೇರಿ ಒಂದೇ ಗೇಮ್ ಓಡಿಸುವ ಎಸ್‌ಎಲ್‌ಐ ವ್ಯವಸ್ಥೆಗೆ ಹೊಸ ಗೇಮ್‌ಗಳ ಪ್ರೊಫೈಲ್ ಸೇರಿಸುವುದನ್ನು ಎನ್‌ವಿಡಿಯಾ 2021ರ ಜನವರಿಯಿಂದ ನಿಲ್ಲಿಸಿದೆ. ಎರಡು ಕಾರ್ಡ್‌ಗಳನ್ನು ಜೋಡಿಸುವ ಎನ್‌ವಿಲಿಂಕ್ ಇರುವ ಕೊನೆಯ ಜೀಫೋರ್ಸ್ ಕಾರ್ಡ್ 3090 ಸಾಲಿನದೇ, 4090ರಲ್ಲಿ ಅದು ಇಲ್ಲ. ಈಗ ಎರಡು ಕಾರ್ಡ್ ಅರ್ಥವಾಗುವುದು ರೆಂಡರಿಂಗ್‌ಗೆ, ಮನೆಯಲ್ಲೇ ಎಐ ಮಾಡೆಲ್ ಓಡಿಸುವವರಿಗೆ, ಅಥವಾ ನಮ್ಮ ಹಾಗೆ ಒಂದೇ ಯಂತ್ರದಲ್ಲಿ ಎರಡು ಕೆಲಸ ಒಟ್ಟಿಗೆ ಮಾಡುವವರಿಗೆ. ಬರೀ ಗೇಮ್‌ಗಾದರೆ ಅದೇ ದುಡ್ಡಿಗೆ ಇನ್ನೂ ದೊಡ್ಡ ಒಂದೇ ಕಾರ್ಡ್ ತಗೊಳ್ಳಿ.

ಎರಡನೇ ಕಾರ್ಡ್ ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಸೆಕೆಂಡ್ ಹ್ಯಾಂಡ್ ಸಿಕ್ಕಿತು. 2022ರ ಸೆಪ್ಟೆಂಬರ್‌ನಲ್ಲಿ ಇಂಥ ಕಾರ್ಡ್‌ಗಳಲ್ಲಿ ಇಥೀರಿಯಂ ಅನ್ನುವ ಡಿಜಿಟಲ್ ನಾಣ್ಯ ಗಳಿಸುವ ಮೈನಿಂಗ್ ನಿಂತ ಮೇಲೆ ಇಂಥ ಕಾರ್ಡ್‌ಗಳು ಮಾರುಕಟ್ಟೆಗೆ ತುಂಬಾ ಬಂದವು. ನಮ್ಮ ಎರಡೂ ಕಾರ್ಡ್‌ಗಳಿಗೆ ಎಸ್‌ಎಂಪಿಎಸ್‌ನಿಂದ ಬರುವ 8 ಪಿನ್ ಪವರ್ ಕನೆಕ್ಟರ್ ಮೂರು ಮೂರು ಬೇಕು. ಇದು ಮುಂದೆ ಮುಖ್ಯವಾಗುತ್ತದೆ. ನಮ್ಮ ಎಸ್‌ಎಂಪಿಎಸ್ ಆಗ 1000 ವ್ಯಾಟ್‌ನದು, ಎಷ್ಟು ಕಡಿಮೆ ಕರೆಂಟ್ ಹಾಳು ಮಾಡುತ್ತದೆ ಅನ್ನುವುದಕ್ಕೆ ಕೊಡುವ 80 ಪ್ಲಸ್ ದರ್ಜೆಗಳಲ್ಲಿ ಗೋಲ್ಡ್‌ನದು. ಎರಡು ಕಾರ್ಡ್‌ಗೆ ಸಾಕಾ ಅಂತ ಅಂಗಡಿಯವರನ್ನು ಕೇಳಿದೆ. "ಆರಾಮಾಗಿ ಸಾಕು ಮೇಡಂ" ಅಂದರು. ನಾನೂ ಕೂಡಿಸಿ ನೋಡಿದ್ದೆ. ಕಾರ್ಡ್ ಒಂದಕ್ಕೆ 350, ಎರಡಕ್ಕೆ 700. ಪ್ರೊಸೆಸರ್ ಪೂರ್ತಿ ದುಡಿದರೆ 142. ಮದರ್‌ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನ್ ಎಲ್ಲ ಸೇರಿ 70 ಅಂತ ಹಿಡಿದೆ. ಒಟ್ಟು 912. ಇನ್ನೂ 88 ವ್ಯಾಟ್ ಉಳಿಯುತ್ತಲ್ಲ ಅಂದುಕೊಂಡೆ.

ಈ ಕೂಡಿಸುವ ಲೆಕ್ಕವೇ ತಪ್ಪು. ಅದನ್ನು ಹೇಳಬೇಕು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಬೋರ್‌ವೆಲ್ ಮೋಟರ್ ಸ್ಟಾರ್ಟ್ ಆಗುವಾಗ ಮನೆಯ ಬಲ್ಬ್ ಒಂದು ಕ್ಷಣ ಮಂಕಾಗುತ್ತದೆ ಅಲ್ವಾ? ಮೋಟರ್ ಓಡುವಾಗ ಎಳೆಯುವುದಕ್ಕಿಂತ ಎಷ್ಟೋ ಪಟ್ಟು ಕರೆಂಟ್ ಶುರುವಿನಲ್ಲಿ ಎಳೆಯುತ್ತದೆ. ಗ್ರಾಫಿಕ್ಸ್ ಕಾರ್ಡ್‌ನ ಒಳಗೆ ನಡೆಯುವುದು ಬೇರೆ, ಆದರೆ ಎಸ್‌ಎಂಪಿಎಸ್‌ಗೆ ಬೀಳುವ ಪೆಟ್ಟು ಅದೇ ಥರದ್ದು. 350 ವ್ಯಾಟ್ ಅನ್ನುವುದು ಸರಾಸರಿ. ಕೆಲಸ ಹಠಾತ್ತನೆ ಏರಿದಾಗ 3090 ಒಂದೆರಡು ಮಿಲಿಸೆಕೆಂಡ್ ಹೊತ್ತು 500 ವ್ಯಾಟ್ ದಾಟುತ್ತದೆ. ಪರೀಕ್ಷೆ ಮಾಡಿದವರು ಇದನ್ನು ಅಳೆದು ತೋರಿಸಿದ್ದಾರೆ. ಗೋಡೆಗೆ ಹಾಕುವ ವ್ಯಾಟ್ ಮೀಟರ್‌ಗೆ ಇದು ಕಾಣುವುದೇ ಇಲ್ಲ, ಅಷ್ಟು ಚಿಕ್ಕ ಹೊತ್ತು. ಎಸ್‌ಎಂಪಿಎಸ್ ಒಳಗಿನ ರಕ್ಷಣೆಗೆ ಮಾತ್ರ ಕಾಣುತ್ತದೆ. ಒಂದು ಕಾರ್ಡ್ ಎಗರಿದರೆ 1000 ವ್ಯಾಟ್‌ನದು ತಡೆದುಕೊಳ್ಳುತ್ತದೆ. ಎರಡೂ ಒಂದೇ ಕ್ಷಣ ಎಗರಿದರೆ? ರೆಂಡರ್ ಶುರುವಾಗುವಾಗ ಆಗುವುದು ಅದೇ. ಬ್ಲೆಂಡರ್ ಎರಡೂ ಕಾರ್ಡ್‌ಗಳಿಗೆ ಒಟ್ಟಿಗೇ ಕೆಲಸ ಕೊಡುತ್ತದೆ. ರಕ್ಷಣೆ ಎಚ್ಚೆತ್ತು ಎಲ್ಲವನ್ನೂ ಆಫ್ ಮಾಡುತ್ತದೆ. ಹಿಂದಿನ ಸ್ವಿಚ್ ತೆಗೆದು ಹಾಕುವವರೆಗೆ ಮತ್ತೆ ಆನ್ ಆಗುವುದಿಲ್ಲ.

ಇದು ಗೊತ್ತಾಗುವ ಮೊದಲು ಸೆಕೆಂಡ್ ಹ್ಯಾಂಡ್ ಕಾರ್ಡ್ ಮೇಲೆ ಅನುಮಾನಪಟ್ಟೆವು. ಕಾರ್ಡ್‌ಗಳ ಜಾಗ ಬದಲಿಸಿದೆವು. ಎಸ್‌ಪಿ ರೋಡ್‌ಗೆ ವಾಪಸ್ ಕೊಡಲು ಪ್ಯಾಕ್ ಕೂಡ ಮಾಡಿದ್ದೆವು. ಆಮೇಲೆ ಸುಮ್ನೆ ಒಂದು ಪ್ರಯೋಗ ಮಾಡಿದೆ. ಎನ್‌ವಿಡಿಯಾ ಡ್ರೈವರ್ ಜೊತೆಗೇ ಬರುವ ಎನ್‌ವಿಡಿಯಾ-ಎಸ್‌ಎಂಐ (nvidia-smi) ಅನ್ನುವ ಕಮಾಂಡ್‌ನಲ್ಲಿ ಎರಡೂ ಕಾರ್ಡ್‌ಗಳು ಎಳೆಯುವ ವ್ಯಾಟ್‌ನ ಮಿತಿ, ಅಂದರೆ ಪವರ್ ಲಿಮಿಟ್ ಅನ್ನು 250 ವ್ಯಾಟ್‌ಗೆ ಇಳಿಸಿದೆ. ನಾಲ್ಕು ದಿನ ಹಗಲು ರಾತ್ರಿ ಓಡಿತು. ಒಮ್ಮೆಯೂ ಆಫ್ ಆಗಲಿಲ್ಲ. ಕಾರ್ಡ್ ಚೆನ್ನಾಗಿದೆ, ಕೊಡುವ ಕೈ ಚಿಕ್ಕದು ಅಂತ ಆಗ ತಿಳಿಯಿತು.

ನಿಮಗೂ ಹೀಗಾಗುತ್ತಿದ್ದರೆ ಮೊದಲು ಇದನ್ನೇ ಮಾಡಿ. ನೀಲಿ ಪರದೆ ಬಂದು, ಏನೋ ಎರರ್ ಬರೆದು ನಿಂತರೆ ಅದು ಡ್ರೈವರ್ ಅಥವಾ ರ‍್ಯಾಮ್ ಕಡೆಯ ತೊಂದರೆ ಇರಬಹುದು. ಕಣ್ಣು ಮುಚ್ಚಿದ ಹಾಗೆ ಎಲ್ಲ ಆರಿ, ಹಿಂದಿನ ಸ್ವಿಚ್ ತೆಗೆದು ಹಾಕದೆ ಎದ್ದೇಳುವುದಿಲ್ಲ ಅಂದರೆ ಎಸ್‌ಎಂಪಿಎಸ್ ಕಡೆ ನೋಡಿ. ಪವರ್ ಲಿಮಿಟ್ ಇಳಿಸುವುದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಹಾಗಾದರೆ ಎಷ್ಟು ವ್ಯಾಟ್ ಬೇಕು? ನಾನು ಈಗ ಹಿಡಿಯುವ ಲೆಕ್ಕ ಹೀಗಿದೆ. ಮೊದಲನೇ ಕಾರ್ಡ್‌ಗೆ ಕಂಪನಿಯೇ ಹೇಳಿದ ಎಸ್‌ಎಂಪಿಎಸ್ ಅಳತೆ ತಗೊಳ್ಳಿ. ಅದರಲ್ಲಿ ಉಳಿದ ಕಂಪ್ಯೂಟರ್ ಸೇರಿರುತ್ತದೆ. ಎರಡನೇ ಕಾರ್ಡ್‌ನ ವ್ಯಾಟ್ ಅನ್ನು ಒಂದೂವರೆ ಪಟ್ಟು ಮಾಡಿ ಅದಕ್ಕೆ ಸೇರಿಸಿ. 3090ಕ್ಕೆ ಎನ್‌ವಿಡಿಯಾ ಹೇಳುವುದು 750. ಅದಕ್ಕೆ 525 ಸೇರಿಸಿದರೆ 1275, ಅಂದರೆ 1300ರದ್ದು. ಎರಡು ಆರ್‌ಟಿಎಕ್ಸ್ 3060 ಆದರೆ 550ಕ್ಕೆ 255 ಸೇರಿ 805, ಒಂದು ಒಳ್ಳೆಯ 850 ಸಾಕು. ಎರಡು 4090 ಆದರೆ 850ಕ್ಕೆ 675 ಸೇರಿ 1525. ಇದು ನನ್ನ ಕೈಲೆಕ್ಕ, ಯಾವ ಕಂಪನಿಯ ನಿಯಮವೂ ಅಲ್ಲ. ಆದರೆ ನಮ್ಮ ಮನೆಯಲ್ಲಿ ಆಗಿದ್ದಕ್ಕೆ ಇದು ಸರಿಯಾಗಿ ಹೊಂದುತ್ತದೆ.

1300 ಸಾಕಾಗುತ್ತಿತ್ತು ಅಂದ ಮೇಲೆ 1600 ವ್ಯಾಟ್‌ನ ಕೋರ್ಸೇರ್ ಎಎಕ್ಸ್1600ಐ ಯಾಕೆ ತಗೊಂಡೆ? ಮೊದಲ ಕಾರಣ ಕೇಬಲ್. ನಮಗೆ ಆರು 8 ಪಿನ್ ಕನೆಕ್ಟರ್ ಬೇಕು. ಹೊಸ ಎಸ್‌ಎಂಪಿಎಸ್‌ಗಳಲ್ಲಿ ಹೊಸ ಕಾರ್ಡ್‌ಗಳಿಗೆ ಬೇಕಾದ 16 ಪಿನ್ ಕೇಬಲ್ ಕೊಟ್ಟು, 8 ಪಿನ್ನಿನವನ್ನು ಕಡಿಮೆ ಮಾಡುತ್ತಿದ್ದಾರೆ. ಎಎಕ್ಸ್1600ಐನಲ್ಲಿ ಕಾರ್ಡ್‌ಗೆ ಹಾಕುವ (ಪಿಸಿಐಇ) 8 ಪಿನ್ ಕನೆಕ್ಟರ್ ಒಟ್ಟು 10 ಇವೆ. ಹಳೆಯದರಲ್ಲಿ ಒಂದೇ ಕೇಬಲ್‌ನ ತುದಿಯಲ್ಲಿ ಎರಡು ಕನೆಕ್ಟರ್ ಇರುವುದನ್ನು ಒಂದೇ ಕಾರ್ಡ್‌ಗೆ ಚುಚ್ಚಿದ್ದೆವು. ಒಂದು 8 ಪಿನ್ನಿನ ಲೆಕ್ಕ 150 ವ್ಯಾಟ್. ಒಂದೇ ಕೇಬಲ್ 300 ಹೊತ್ತರೆ ಅದು ಕೈಗೆ ಬಿಸಿ ತಾಗುತ್ತದೆ. ಈಗ ಆರು ಕನೆಕ್ಟರ್‌ಗೂ ಬೇರೆ ಬೇರೆ ಕೇಬಲ್. ಮುಟ್ಟಿದರೆ ಬೆಚ್ಚಗೂ ಇರುವುದಿಲ್ಲ.

ಎರಡನೆಯದು, ಅರ್ಧ ಹೊರೆಯಲ್ಲಿ ಓಡಿಸಬೇಕು ಅನ್ನುವ ಆಸೆ. ಎರಡೂ ಕಾರ್ಡ್ ದುಡಿಯುವಾಗ ನಮ್ಮದು 850ರ ಸುತ್ತ ಇರುತ್ತದೆ. 1600ಕ್ಕೆ ಅದು ಅರ್ಧಕ್ಕಿಂತ ಸ್ವಲ್ಪ ಮೇಲೆ. ಎಸ್‌ಎಂಪಿಎಸ್ ಅತಿ ಕಡಿಮೆ ಕರೆಂಟ್ ಹಾಳು ಮಾಡುವುದು ಅಲ್ಲೇ, ಫ್ಯಾನ್ ಸದ್ದೂ ಅಲ್ಲಿ ಕಡಿಮೆ. ನಮ್ಮ ಕಂಪ್ಯೂಟರ್ ಇರುವುದು ಅಮ್ಮ ಮಲಗುವ ಕೋಣೆಯ ಪಕ್ಕದಲ್ಲಿ.

ಈಗ ಪೆಟ್ಟಿಗೆಯ ವಿಷಯ. ಎಎಕ್ಸ್1600ಐ ಬಂದಿದ್ದು 2018ರಲ್ಲಿ. ಒಳಗೆ ಮಾಮೂಲಿ ಸಿಲಿಕಾನ್ ಜಾಗದಲ್ಲಿ ಗ್ಯಾಲಿಯಂ ನೈಟ್ರೈಡ್ ಟ್ರಾನ್ಸಿಸ್ಟರ್ ಬಳಸಿದ್ದಾರೆ. ಅವು ಬೇಗ ಬೇಗ ಆನ್ ಆಫ್ ಆಗುತ್ತವೆ, ಬಿಸಿ ಕಡಿಮೆ. ಗೋಲ್ಡ್‌ಗಿಂತ ಮೇಲಿನ 80 ಪ್ಲಸ್ ಟೈಟಾನಿಯಂ ದರ್ಜೆ. 10 ವರ್ಷ ವಾರಂಟಿ. ಹಿಂಬದಿಯಲ್ಲಿ ಸೆಲ್ಫ್ ಟೆಸ್ಟ್ ಬಟನ್ ಒಂದಿದೆ. ಬೇರೆ ಏನೂ ಚುಚ್ಚದೆ ಎಸ್‌ಎಂಪಿಎಸ್ ಸರಿಯಿದೆಯಾ ಅಂತ ಅದರಲ್ಲೇ ನೋಡಬಹುದು. ಬಂದ ದಿನ ಅದನ್ನು ಒತ್ತಿ ನೋಡಿಯೇ ಒಳಗೆ ಕೂರಿಸಿದೆ.

ನನಗೆ ತುಂಬಾ ಇಷ್ಟವಾಗಿದ್ದು ಯುಎಸ್‌ಬಿ ಮೂಲಕ ಅದು ಕೊಡುವ ಲೆಕ್ಕ. ಒಳಕ್ಕೆ ಎಷ್ಟು ವ್ಯಾಟ್, ಹೊರಕ್ಕೆ ಎಷ್ಟು, ಎಲ್ಲ ಕೋರ್ಸೇರ್‌ನ ಐಕ್ಯೂ ಸಾಫ್ಟ್‌ವೇರ್‌ನಲ್ಲಿ ಕಾಣುತ್ತದೆ. ಎರಡೂ ಕಾರ್ಡ್ ಪೂರ್ತಿ 350ರಲ್ಲಿ ರೆಂಡರ್ ಮಾಡುವಾಗ ಒಳಕ್ಕೆ 880, ಹೊರಕ್ಕೆ 845. ನನ್ನ ತಮ್ಮ ಒಂದೇ ಕಾರ್ಡ್‌ನಲ್ಲಿ ಆಡುವಾಗ 480ರ ಹತ್ತಿರ, ಆಗ ಎಸ್‌ಎಂಪಿಎಸ್ ಫ್ಯಾನ್ ಹೆಚ್ಚಿನ ಹೊತ್ತು ತಿರುಗುವುದೇ ಇಲ್ಲ. ಎಂಟು ತಿಂಗಳಲ್ಲಿ ಕಂಪ್ಯೂಟರ್ ತಾನಾಗಿ ಆಫ್ ಆಗಿಲ್ಲ, ಒಂದು ಸಲವೂ.

ಆದರೆ ಟೈಟಾನಿಯಂ ಅಂದರೆ ಕರೆಂಟ್ ಬಿಲ್ ಉಳಿಯುತ್ತದೆ ಅಂತ ಯಾರಾದರೂ ಹೇಳಿದರೆ ಕೂತು ಲೆಕ್ಕ ಹಾಕಿ. 230 ವೋಲ್ಟ್‌ನಲ್ಲಿ ಅರ್ಧ ಹೊರೆಗೆ ಗೋಲ್ಡ್ 92 ಶೇಕಡಾ, ಟೈಟಾನಿಯಂ 96 ಶೇಕಡಾ ಕೊಡಬೇಕು. 800 ವ್ಯಾಟ್ ಬೇಕಾದರೆ ಗೋಡೆಯಿಂದ ಗೋಲ್ಡ್ ಎಳೆಯುವುದು 870, ಟೈಟಾನಿಯಂ 833. ವ್ಯತ್ಯಾಸ 37 ವ್ಯಾಟ್. ದಿನಕ್ಕೆ ಆರು ಗಂಟೆ ಓಡಿಸಿದರೆ ತಿಂಗಳಿಗೆ ಆರೂವರೆ ಯೂನಿಟ್. ಯೂನಿಟ್‌ಗೆ ಏಳು ರೂಪಾಯಿ ಅಂತ ಹಿಡಿದರೂ 45 ರೂಪಾಯಿ ಆಸುಪಾಸು. ನಾನು ಕೊಟ್ಟಿದ್ದು ಐವತ್ತು ಸಾವಿರದ ಮೇಲೆ. ಈ ಉಳಿತಾಯದಲ್ಲಿ ಆ ದುಡ್ಡು ಹುಟ್ಟುವುದಿಲ್ಲ.

ಕೊಳ್ಳುವ ಮುಂಚೆ ಗೊತ್ತಿರಬೇಕಾದ ಸಂಗತಿಗಳು ಇನ್ನೂ ಇವೆ. ಇದರ ಉದ್ದ 200 ಮಿಲಿಮೀಟರ್. ನಮ್ಮ ಕ್ಯಾಬಿನೆಟ್‌ನಲ್ಲಿ ಹಾರ್ಡ್ ಡಿಸ್ಕ್ ಗೂಡು ಬಿಚ್ಚಿ ತೆಗೆದ ಮೇಲೆಯೇ ಕೂತಿತು. 16 ಪಿನ್ ಕೇಬಲ್ ಇದರಲ್ಲಿ ಇಲ್ಲ. 4090, 5090 ಇರುವವರು ಕೋರ್ಸೇರ್‌ನ ಟೈಪ್ 4 ಕೇಬಲ್ ಬೇರೆಯಾಗಿ ತಗೊಳ್ಳಬೇಕು. ಅಂಥವರಿಗೆ ನಾನು ಇದನ್ನು ಹೇಳುವುದೂ ಇಲ್ಲ. ಇಂಟೆಲ್ 2022ರಲ್ಲಿ ತಂದ ಎಟಿಎಕ್ಸ್ 3.0 ನಿಯಮದ ಎಸ್‌ಎಂಪಿಎಸ್ ತಗೊಳ್ಳಲಿ. 16 ಪಿನ್ ಇರುವ ದೊಡ್ಡ ಎಸ್‌ಎಂಪಿಎಸ್‌ಗಳು ತಮ್ಮ ಅಳತೆಯ ಎರಡು ಪಟ್ಟು ಹೊರೆಯನ್ನು 100 ಮೈಕ್ರೋಸೆಕೆಂಡ್ ತಡೆದುಕೊಳ್ಳಲೇಬೇಕು ಅಂತ ಅದರಲ್ಲಿ ಬರೆದಿದೆ. ನಮಗೆ ಆದ ತೊಂದರೆಗೇ ಬರೆದ ಮದ್ದು ಅದು.

ಇನ್ನು ಹಿಂದಿನ ಪ್ಲಗ್. ನಾವು ಯಾರೂ ಅದನ್ನು ಯೋಚಿಸಿರಲಿಲ್ಲ. ಮಾಮೂಲಿ ಕಂಪ್ಯೂಟರ್ ಪವರ್ ಕೇಬಲ್ ಇದಕ್ಕೆ ಹಿಡಿಯುವುದಿಲ್ಲ. ಇದರದು ಸಿ19 ಅನ್ನುವ ಅಗಲವಾದ ಚೌಕ ತಲೆ, 16 ಆಂಪಿಯರ್‌ನದು. ನಮ್ಮ ಕೋಣೆಯಲ್ಲಿ ಇದ್ದಿದ್ದೆಲ್ಲ 6 ಆಂಪಿಯರ್ ಸಾಕೆಟ್. ನಿಜ ಹೇಳಬೇಕೆಂದರೆ 880 ವ್ಯಾಟ್ ಅಂದರೆ 230 ವೋಲ್ಟ್‌ನಲ್ಲಿ ನಾಲ್ಕು ಆಂಪಿಯರ್ ಕೂಡ ಇಲ್ಲ. ಆದರೆ ಅದೇ ವೈರ್‌ನಲ್ಲಿ ಫ್ಯಾನ್, ಮಾನಿಟರ್, ಪ್ರಿಂಟರ್, ಅಮ್ಮನ ಕೋಣೆಯ ಟಿವಿ ಎಲ್ಲ ಇದ್ದವು. ವೈರಿಂಗ್ ಇಪ್ಪತ್ತು ವರ್ಷ ಹಳೆಯದು. ಎಲೆಕ್ಟ್ರಿಷಿಯನ್ ಅವರನ್ನು ಕರೆಸಿದೆವು.

"ಗೀಸರ್‌ಗೆ ಹಾಕೋ ಪ್ಲಗ್ ಕಂಪ್ಯೂಟರ್‌ಗೆ ಯಾಕಮ್ಮ?" ಅಂದರು ಅವರು.

"ಅಣ್ಣ, ಇದೂ ಅರ್ಧ ಗೀಸರ್ ಇದ್ದ ಹಾಗೇನೆ. ಗೀಸರ್ ಹತ್ತು ನಿಮಿಷ ಓಡತ್ತೆ, ಇದು ರಾತ್ರಿಯೆಲ್ಲ ಓಡತ್ತೆ" ಅಂದೆ. ಅವರಿಗೆ ತಕ್ಷಣ ಅರ್ಥವಾಯಿತು. ಮೀಟರ್ ಬೋರ್ಡ್‌ನಿಂದ ಬೇರೆಯೇ ಲೈನ್ ಎಳೆದು, ಅದಕ್ಕೆ ಬೇರೆ ಎಂಸಿಬಿ ಹಾಕಿ, 16 ಆಂಪಿಯರ್ ಸಾಕೆಟ್ ಕೂರಿಸಿದರು.

ಅವರೇ ಮೀಟರ್ ಹಿಡಿದು ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಅಳೆದರು. 30 ವೋಲ್ಟ್ ತೋರಿಸಿತು. ಒಂದೆರಡು ಇರಬೇಕಾದ ಜಾಗ ಅದು. ಹಳೆಯ ಕ್ಯಾಬಿನೆಟ್ ಮುಟ್ಟಿದಾಗ ಬೆರಳಿಗೆ ಜುಮ್ ಅನ್ನುತ್ತಿದ್ದುದು ಆಗ ನೆನಪಾಯಿತು. ಎಸ್‌ಎಂಪಿಎಸ್ ಒಳಗೆ ಮೇನ್ಸ್‌ನಿಂದ ಪೆಟ್ಟಿಗೆಯ ಲೋಹದ ಮೈಗೆ ಸಣ್ಣ ಕೆಪಾಸಿಟರ್‌ಗಳಿರುತ್ತವೆ. ಅರ್ಥಿಂಗ್ ಸರಿ ಇದ್ದರೆ ಆ ಸೋರುವ ಕರೆಂಟ್ ನೆಲಕ್ಕೆ ಹೋಗುತ್ತದೆ. ಇಲ್ಲದಿದ್ದರೆ ಮುಟ್ಟಿದವರ ಕೈಗೆ ಬರುತ್ತದೆ. ಎಷ್ಟೇ ದುಬಾರಿಯ ಎಸ್‌ಎಂಪಿಎಸ್ ಆದರೂ ಇದನ್ನು ತಾನಾಗಿ ಸರಿಮಾಡಲಾರದು. ಹಿತ್ತಲಿನ ತೆಂಗಿನ ಮರದ ಹತ್ತಿರ ಅರ್ಥ್ ಗುಂಡಿ ಒಣಗಿ ಬಿರುಕು ಬಿಟ್ಟಿತ್ತು. ಪೈಪ್‌ಗೆ ಕಟ್ಟಿದ ತಂತಿ ತುಕ್ಕು ಹಿಡಿದಿತ್ತು. ತಂತಿ ಬದಲಿಸಿ, ಇದ್ದಿಲು ಉಪ್ಪು ತುಂಬಿ, ನೀರು ಹಾಕಿದ ಮೇಲೆ ಅದೇ ಸಾಕೆಟ್‌ನಲ್ಲಿ 2 ವೋಲ್ಟ್. ಈ ಒಂದು ದಿನದ ಕೆಲಸಕ್ಕೆ ಕೊಟ್ಟ ದುಡ್ಡು ಎಸ್‌ಎಂಪಿಎಸ್‌ಗೆ ಕೊಟ್ಟಿದ್ದಕ್ಕಿಂತ ಎಷ್ಟೋ ಕಡಿಮೆ. ಅದಕ್ಕಿಂತ ಮೊದಲು ಮಾಡಬೇಕಾಗಿತ್ತು.

ಸ್ಟೆಬಿಲೈಸರ್ ಬೇಕಾ ಅಂತ ಕೇಳುವವರಿಗೆ: ಬೇಡ. ಇಂಥ ಎಸ್‌ಎಂಪಿಎಸ್ 100ರಿಂದ 240 ವೋಲ್ಟ್‌ವರೆಗೆ ತಾನೇ ನಿಭಾಯಿಸುತ್ತದೆ. ಯುಪಿಎಸ್ ಮಾತು ಬೇರೆ. ಮನೆಗಳಲ್ಲಿ ಇರುವ 600 ವಿಎ ಯುಪಿಎಸ್ 360 ವ್ಯಾಟ್ ಆಸುಪಾಸು ಹೊರುತ್ತದೆ, ಅಂದರೆ ಒಂದು 3090ಕ್ಕೇ ಸರಿಹೋಯಿತು. ಎರಡು ಕಾರ್ಡ್ ಹೊರುವ ಸೈನ್ ವೇವ್ ಯುಪಿಎಸ್‌ಗೆ ಇನ್ನಷ್ಟು ದುಡ್ಡು ಹಾಕುವ ಶಕ್ತಿ ಈ ವರ್ಷ ನಮಗಿರಲಿಲ್ಲ. ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಹೋಗುವುದು ಇದ್ದದ್ದೇ. ಅದಕ್ಕೆ ನಾನು ರೆಂಡರ್ ಅನ್ನು ವಿಡಿಯೋ ಆಗಿ ತೆಗೆಯುವುದಿಲ್ಲ, ಬಿಡಿ ಬಿಡಿ ಚಿತ್ರಗಳಾಗಿ ತೆಗೆಯುತ್ತೇನೆ. ಕರೆಂಟ್ ಹೋದರೆ ಒಂದು ಫ್ರೇಮ್ ಹೋಗುತ್ತದೆ, ಅಷ್ಟೇ. ಬ್ಲೆಂಡರ್‌ನಲ್ಲಿ ಓವರ್‌ರೈಟ್ ಟಿಕ್ ತೆಗೆದು, ಕೊನೆಯ ಚಿತ್ರ ಅರ್ಧಂಬರ್ಧ ಆಗಿದ್ದರೆ ಅಳಿಸಿ, ಮತ್ತೆ ಶುರು ಮಾಡಿದರೆ ನಿಂತಲ್ಲಿಂದ ಮುಂದುವರಿಯುತ್ತದೆ.

ಇಷ್ಟು ದೊಡ್ಡ ಎಸ್‌ಎಂಪಿಎಸ್ ಬಂದ ಮೇಲೂ ನಾನು ಪವರ್ ಲಿಮಿಟ್ ಬಿಟ್ಟಿಲ್ಲ. 350 ಇದ್ದಿದ್ದನ್ನು 280ಕ್ಕೆ ಇಟ್ಟಿದ್ದೇನೆ. ನನ್ನ ಒಂದು ಅಡುಗೆಮನೆ ದೃಶ್ಯ ಮೊದಲು 11 ನಿಮಿಷ 20 ಸೆಕೆಂಡ್ ತಗೊಳ್ಳುತ್ತಿತ್ತು, ಈಗ 11 ನಿಮಿಷ 55 ಸೆಕೆಂಡ್. ಒಳಕ್ಕೆ ಹೋಗುವ ಕರೆಂಟ್ 880ರಿಂದ 735ಕ್ಕೆ ಇಳಿಯಿತು. ಆ 145 ವ್ಯಾಟ್ ಬಿಸಿಯಾಗಿ ಕೋಣೆಗೆ ಬರುವುದು ತಪ್ಪಿತು. ಏಪ್ರಿಲ್ ತಿಂಗಳ ಮಧ್ಯಾಹ್ನ ಇಲ್ಲಿ ಕೂತು ಕೆಲಸ ಮಾಡಿದವರಿಗೆ ಆ ವ್ಯತ್ಯಾಸ ಗೊತ್ತು.

ಹಾಗಾಗಿ ನನ್ನ ಮಾತು ಹೀಗೆ. 8 ಪಿನ್ನಿನ ಎರಡು ದೊಡ್ಡ ಕಾರ್ಡ್ ಇದ್ದು, ಅವನ್ನು ದಿನವೂ ಗಂಟೆಗಟ್ಟಲೆ ದುಡಿಸುವವರಾದರೆ ಎಎಕ್ಸ್1600ಐ ಕಣ್ಣುಮುಚ್ಚಿ ನಂಬಬಹುದಾದ ವಸ್ತು. ದುಡ್ಡು ನೋಡಿ ನಡೆಯಬೇಕಾದವರು ಒಳ್ಳೆಯ 1200 ಅಥವಾ 1300 ವ್ಯಾಟ್‌ನದನ್ನು ತಗೊಂಡು, ಕಾರ್ಡ್‌ಗಳನ್ನು 280ಕ್ಕೆ ಇಳಿಸಿ ಓಡಿಸಲಿ. ನಾನು ಇವತ್ತು ಹೊಸದಾಗಿ ತಗೊಳ್ಳುವುದಾದರೆ ಅದನ್ನೇ ಮಾಡುತ್ತಿದ್ದೆ. ಉಳಿದ ದುಡ್ಡು ವೈರಿಂಗ್‌ಗೆ ಹೋಗುತ್ತಿತ್ತು.

ಒಂದು ವಿಷಯದಲ್ಲಿ ಮಾತ್ರ ದಯವಿಟ್ಟು ಎಚ್ಚರ. ಹೊಸದನ್ನು ಕೂರಿಸುವಾಗ ನನ್ನ ತಮ್ಮ, ಹಳೆಯ ಎಸ್‌ಎಂಪಿಎಸ್‌ನಿಂದ ಎಸ್‌ಎಸ್‌ಡಿಗೆ ಕರೆಂಟ್ ಕೊಡುವ ಸಾಟಾ ಕೇಬಲ್ ಹಾಗೇ ಬಿಟ್ಟು, ಅದರ ತುದಿಯನ್ನು ಹೊಸದಕ್ಕೆ ಚುಚ್ಚಲು ಹೊರಟಿದ್ದ. ಪ್ಲಗ್ ನೋಡಲು ಒಂದೇ ಥರ ಇತ್ತು, ಸಲೀಸಾಗಿ ಕೂರುತ್ತಲೂ ಇತ್ತು. ಆದರೆ ಎಸ್‌ಎಂಪಿಎಸ್ ಕಡೆಯ ಪಿನ್‌ಗಳ ಜೋಡಣೆ ಕಂಪನಿಯಿಂದ ಕಂಪನಿಗೆ ಬೇರೆ. 5 ವೋಲ್ಟ್ ಹೋಗಬೇಕಾದ ಕಡೆ 12 ಹೋದರೆ ಎಸ್‌ಎಸ್‌ಡಿ ಸುಟ್ಟು, ಅದರಲ್ಲಿದ್ದ ಎರಡು ವರ್ಷದ ಡ್ರಾಯಿಂಗ್‌ಗಳೂ ಹೋಗುತ್ತಿದ್ದವು. ಕೈ ಹಿಡಿದು ನಿಲ್ಲಿಸಿದೆ. ಹಳೆಯ ಕೇಬಲ್ ಒಂದೊಂದನ್ನೂ ಹೊರಗೆ ಎಳೆದು ಹಾಕಿದೆವು.

ಆ 1000 ವ್ಯಾಟ್‌ನ ಹಳೆಯ ಎಸ್‌ಎಂಪಿಎಸ್ ಈಗ ಭದ್ರಾವತಿಯಲ್ಲಿ ನಮ್ಮ ಚಿಕ್ಕಮ್ಮನ ಮಗನ ಕಂಪ್ಯೂಟರ್‌ನಲ್ಲಿದೆ. ಒಂದೇ 3060 ಜೊತೆ ಏನೂ ತಕರಾರಿಲ್ಲದೆ ಓಡುತ್ತಿದೆ. ಅದರ ಕೇಬಲ್‌ಗಳನ್ನೆಲ್ಲ ಒಂದು ಚೀಲದಲ್ಲಿ ಕಟ್ಟಿ, ಮೇಲೆ ಎಸ್‌ಎಂಪಿಎಸ್ ಹೆಸರು ಬರೆದು ಕೊಟ್ಟಿದ್ದೇನೆ.